ಕ್ಷಯರೋಗವೂ ಸಾಹುಕಾರ ರಾಷ್ಟ್ರಗಳ ಲೆಕ್ಕವೂ

ದುಡಿಯಲೆಂದು ಪರದೇಶಕ್ಕೆ ಹೊರಟವನ ಎದೆಯ ಚಿತ್ರ ತೆಗೆಸಿ, ಕ್ಷಯವಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಕ್ಕೆ ಬಿಡುವುದು ಇಂದು ಅನೇಕ ಶ್ರೀಮಂತ ರಾಷ್ಟ್ರಗಳ ಪದ್ಧತಿ. ಬ್ರಿಟನ್ ಸರ್ಕಾರವು 2012ರಲ್ಲಿ ಹೀಥ್ರೂ ಮತ್ತು ಗ್ಯಾಟ್‌ವಿಕ್ ವಿಮಾನ ನಿಲ್ದಾಣಗಳ ಎಕ್ಸ್‌ರೇ ತಪಾಸಣೆಯನ್ನು ಕೈಬಿಡಲು ನಿರ್ಧರಿಸಿ, ಕ್ಷಯ ಹೆಚ್ಚಾಗಿರುವ ದೇಶಗಳಿಂದ ಬಂದು ಆರು ತಿಂಗಳಿಗೆ ಮೀರಿ ನಿಲ್ಲುವವರು ಸ್ವದೇಶದಲ್ಲಿಯೇ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದು ವಿಧಿಸಿತು. ಆ ಪಟ್ಟಿಯಲ್ಲಿ ಭಾರತವೂ ಇದೆ. ಪರೀಕ್ಷೆಯ ಹಣವನ್ನು ಅರ್ಜಿದಾರನೇ ತೆರಬೇಕು.

ಇದರಿಂದ ಖರ್ಚಿಗೆ ತಕ್ಕ ಫಲ ಉಂಟೇ ಎಂದು ಅಲ್ಲಿಯ ಪಂಡಿತರು ಚರ್ಚಿಸುತ್ತಾರೆ. ಚರ್ಚಿಸಲಿ. ಆದರೆ ಖರ್ಚು ಯಾರದು ಎಂದು ನಾವು ಮೊದಲು ಕೇಳುತ್ತೇವೆ. ಅಂಗಡಿ ನಡೆಸುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖರ್ಚನ್ನೆಲ್ಲ ಬೇರೊಬ್ಬನ ಖಾತೆಗೆ ಬರೆದರೆ ಯಾವ ವ್ಯಾಪಾರವೂ ಲಾಭವಾಗಿಯೇ ಕಾಣುತ್ತದೆ.

ತಪಾಸಣೆಯೇ ವ್ಯರ್ಥವೆಂಬುದು ನಮ್ಮ ವಾದವಲ್ಲ. ರೋಗ ಬೇಗ ಪತ್ತೆಯಾದರೆ ರೋಗಿಗೂ ಹಿತ, ಅವನ ಮನೆಯವರಿಗೂ ಹಿತ. ಆದರೆ ಎಕ್ಸ್‌ರೇ ಆಗಲೇ ಎದ್ದ ರೋಗವನ್ನು ತೋರಿಸೀತೇ ಹೊರತು, ಮೈಯೊಳಗೆ ಮಲಗಿರುವ ಸೋಂಕನ್ನು ತೋರಿಸದು. ಆ ಸೋಂಕು ಎಷ್ಟೋ ವರ್ಷಗಳ ಮೇಲೆ, ಮೈ ಸೊರಗಿದಾಗ ತಲೆಯೆತ್ತುತ್ತದೆ. ಬೇರನ್ನು ಬಿಟ್ಟು ಎಲೆ ಸವರಿದರೆ ಕಳೆ ಹೋದೀತೆ?

ಬೇರಿಗೇ ಕೈಹಾಕುವುದು ಅಗ್ಗವೆಂಬುದಕ್ಕೆ ಅವರಲ್ಲಿಯೇ ಲೆಕ್ಕವಿದೆ. ಮೆಕ್ಸಿಕೋದಲ್ಲಿ ಕ್ಷಯ ಚಿಕಿತ್ಸೆಯನ್ನು ವಿಸ್ತರಿಸಲು ಅಮೇರಿಕವು ಸುಮಾರು 3.5 ಕೋಟಿ ಡಾಲರ್ ಕೊಟ್ಟರೆ, 20 ವರ್ಷಗಳಲ್ಲಿ ಅಮೇರಿಕದೊಳಗೇ ಸುಮಾರು 2,600 ರೋಗಿಗಳು ಕಡಿಮೆಯಾಗಿ, ಖರ್ಚು ಕಳೆದು 10 ಕೋಟಿ ಡಾಲರಿಗೂ ಮೀರಿ ಉಳಿದೀತೆಂದು 2005ರ ಒಂದು ಅಧ್ಯಯನ ಅಂದಾಜು ಮಾಡಿತು. ನೆರೆಯವನ ಮನೆಯ ಬೆಂಕಿ ಆರಿಸಿದರೆ ತನ್ನ ಸೂರೂ ಉಳಿಯುತ್ತದೆಂಬ ಹಳ್ಳಿಯ ತಿಳಿವಳಿಕೆ ಇದು. ಆದರೂ 2025ರಲ್ಲಿ ಅದೇ ಅಮೇರಿಕ ಹೊರದೇಶಗಳ ಆರೋಗ್ಯಕ್ಕೆ ಕೊಡುತ್ತಿದ್ದ ನೆರವಿಗೆ ದೊಡ್ಡ ಕತ್ತರಿ ಹಾಕಿತು. ವಲಸೆಗಾರನ ಎದೆಯ ತಪಾಸಣೆ ಮಾತ್ರ ನಿಲ್ಲಲಿಲ್ಲ!

ರೋಗಿ ರೋಗವನ್ನು ಮುಚ್ಚಿಟ್ಟುಕೊಂಡು ಬರುವ ಕಳ್ಳನೆಂಬ ಭಾವನೆಯೇ ಇದರ ಹಿಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಉತ್ತರ. ಕ್ಷಯ ತಗಲಿದವರಲ್ಲಿ ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಚಿಂತೆಯಿತ್ತು. ಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರು. ರೋಗಿ ಅಡಗಿರಲಿಲ್ಲ, ಬಾಗಿಲಿಗೆ ಬಂದವನನ್ನು ಗುರುತಿಸಿ ಮದ್ದು ಕೊಡುವ ವ್ಯವಸ್ಥೆ ಸಾಲದಾಗಿತ್ತು. ಸ್ಯಾನಟೋರಿಯಮ್ಮಿನಲ್ಲಿ ಗುಣವಾಗುವಷ್ಟೇ ಮನೆಯಲ್ಲಿಯೂ ಗುಣವಾದೀತೆಂದು ಮದರಾಸಿನ ಪ್ರಯೋಗ 1959ರಲ್ಲೇ ಜಗತ್ತಿಗೆ ತೋರಿಸಿಕೊಟ್ಟಿತ್ತು.

ಹಾಗೆಂದು ಪರದೇಶವನ್ನು ಬೈದು ಕೈತೊಳೆದುಕೊಳ್ಳಲು ನಮ್ಮ ಸರ್ಕಾರಗಳಿಗೆ ಅವಕಾಶವಿಲ್ಲ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲೊಬ್ಬ ಭಾರತದವನು. ತಾಲ್ಲೂಕು ತಾಲ್ಲೂಕಿನಲ್ಲಿ ಕಫ ಪರೀಕ್ಷೆ ನಡೆಯಲಿ, ಔಷಧ ಒಂದು ದಿನವೂ ತಪ್ಪದೆ ಸಿಗಲಿ, ಚಿಕಿತ್ಸೆಯಲ್ಲಿರುವ ಕಾರ್ಮಿಕನಿಗೆ ಕೂಲಿಯೂ ಕೆಲಸವೂ ಉಳಿಯಲಿ. ಕೆಲಸ ಹೋದೀತೆಂಬ ಭಯವಿದ್ದರೆ ಯಾವ ಕಾರ್ಮಿಕ ತಾನೇ ಕೆಮ್ಮನ್ನು ಹೊರಗೆ ಹೇಳಿಯಾನು?

ದುಡಿಯುವವನ ತೋಳು ಬೇಕು, ಅವನ ಶ್ವಾಸಕೋಶದ ಹೊಣೆ ಬೇಡ ಎಂಬ ಲೆಕ್ಕವನ್ನು ಲಂಡನ್ನಿನವರು ಬರೆದರೂ ಸರಿ, ನಮ್ಮೂರ ಗಿರಣಿ ಮಾಲೀಕರು ಬರೆದರೂ ಸರಿ, ನಾವು ಒಪ್ಪುವುದಿಲ್ಲ.