ಬಣ್ಣಕ್ಕೆ ಮೊದಲು ಒಗೆತ

ಮಸ್ಲಿನ್ ಬಟ್ಟೆಗೆ ಕೈಯಿಂದಲೇ ಬಣ್ಣ ಹಾಕಿ ಕ್ವಿಲ್ಟ್ ಹೊಲಿಯುವವರಿಗಾಗಿ ಬರೆದ ಕೈಪಿಡಿಯೊಂದರ ಸಲಹೆ ಈ ವಾರವೆಲ್ಲ ತಲೆ ಕೊರೆಯುತ್ತಿದೆ: ಅಂಗಡಿಯಲ್ಲಿ ಸಿಗುವ ಅತಿ ಬಿಳಿಯ ಬಟ್ಟೆ ಕೊಳ್ಳಿ, ನೀರಲ್ಲಿ ಅದ್ದಿ, ಬಣ್ಣಕ್ಕಿಳಿಸಿ. ಬಿಳುಪನ್ನು ನಂಬಿದರೆ ಕೆಟ್ಟೆವು. ಅಚ್ಚ ಬಿಳಿಯ ಬಟ್ಟೆಗೆ ಹೊಳಪಿನ ರಾಸಾಯನಿಕವನ್ನೋ ಸುಕ್ಕು ತಡೆಯುವ ರಾಳವನ್ನೋ ಸವರಿರಬಹುದು. ರಾಳ ಕೂತಲ್ಲಿ ಬಣ್ಣ ಹತ್ತುವುದಿಲ್ಲ. ಕೋರಾ ಬಟ್ಟೆಯ ಅಡ್ಡಿ ಬೇರೆ: ಹತ್ತಿಯ ಎಳೆಗೆ ಹುಟ್ಟಿನಿಂದ ಬಂದ ಮೇಣ, ಹಾಸು ನೂಲಿಗೆ ಮಗ್ಗದವರು ಹಚ್ಚಿದ ಗಂಜಿ. ಪರೀಕ್ಷೆ ಸುಲಭ. ಒಂದು ಹನಿ ನೀರು ಬಿಟ್ಟಾಗ ತಕ್ಷಣ ಇಂಗದೆ ಮೇಲೆಯೇ ನಿಂತರೆ ಬಟ್ಟೆ ಸಿದ್ಧವಾಗಿಲ್ಲ. ಅಯೋಡಿನ್ ಹನಿ ಕಡುನೀಲಿಗೆ ತಿರುಗಿದರೆ ಗಂಜಿ ಹೋಗಿಲ್ಲ. ಆಗ ಗಂಜಿ ಬಿಡುವಂತೆ ನೆನೆಸಿ ಒಗೆದು, ವಾಷಿಂಗ್ ಸೋಡಾ ಮತ್ತು ಸೋಪು ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ಕುದಿಸಬೇಕು. ನೀರು ಕಂದಾದರೆ ಮತ್ತೊಮ್ಮೆ ಕುದಿಸಬೇಕು. ಇಷ್ಟು ಮಾಡದೆ, ಮಚ್ಚೆ ಮಚ್ಚೆಯಾದ ಬಟ್ಟೆ ಹಿಡಿದು ಬಣ್ಣದ ಪುಡಿಯನ್ನು ಬೈಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬಣ್ಣಕ್ಕೆ ಮೊದಲು ಬಟ್ಟೆಯನ್ನು ಅಣಿಮಾಡುವ ಈ ಕೆಲಸ ಹಳೆಯದು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿ ಉಳಿದ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠ ಜಾತಿಯ ಕೆಂಪು ಕಂಡಿದೆ. ಹತ್ತಿಯ ಮೇಲೆ ಇಂಥ ಕೆಂಪು ತಾನಾಗಿ ನಿಲ್ಲುವುದಿಲ್ಲ, ಬಟ್ಟೆಯನ್ನು ಮೊದಲು ಅಣಿಮಾಡಲೇಬೇಕು. ಹೇಗೆಂಬುದಕ್ಕೆ ನಮ್ಮ ಕರಾವಳಿಗಳಿಂದ ಯುರೋಪಿಗೆ ಹೋದ ಬರಹಗಳೇ ಸಾಕ್ಷಿ. ಫ್ರೆಂಚ್ ನೌಕಾಧಿಕಾರಿ ಬ್ಯೂಲ್ಯೂ 1734ರ ಸುಮಾರಿಗೆ ಪಾಂಡಿಚೇರಿಯಲ್ಲಿ ಚಿತ್ರದ ಬಟ್ಟೆ ಮಾಡಿಸಿ, ಹಂತಹಂತಕ್ಕೂ ಒಂದೊಂದು ತುಂಡು ಕತ್ತರಿಸಿಟ್ಟ. ಆ ತುಂಡುಗಳು ಪ್ಯಾರಿಸ್ಸಿನಲ್ಲಿವೆ. ಜೆಸ್ಯೂಟ್ ಪಾದ್ರಿ ಕರ್ದೂ 1742ರಲ್ಲಿ ಅದೇ ಕಸುಬಿನ ಬಗ್ಗೆ ದೀರ್ಘ ಪತ್ರ ಬರೆದ. ಅದರಲ್ಲಿ ಬಣ್ಣದ ಮಾತಿಗೆ ಮುಂಚೆಯೇ ಬಟ್ಟೆಯ ಮಾತು: ಅರೆಬಿಳುಪು ಮಾಡುವುದು, ಅಳಲೆಕಾಯಿ ಮತ್ತು ಎಮ್ಮೆ ಹಾಲಿನ ಮಿಶ್ರಣದಲ್ಲಿ ನೆನೆಸುವುದು, ಹಿಂಡುವುದು, ಒಣಗಿಸುವುದು, ಮರದ ಮೇಲಿಟ್ಟು ಬಡಿದು ನುಣುಪು ಮಾಡುವುದು. ಅಳಲೆಯ ಒಗರು, ಬಣ್ಣವನ್ನು ಹಿಡಿದಿಡುವ ಪಟಿಕವನ್ನು ಎಳೆಗೆ ಕಚ್ಚಿಸುತ್ತದೆ. ಹಾಲಿನ ಜಿಡ್ಡು ಪಟಿಕದ ದ್ರವ ಗೆರೆ ದಾಟಿ ಹರಡದಂತೆ ತಡೆಯುತ್ತದೆ. ಕೋರಮಂಡಲದ ಬಣ್ಣ ಗಟ್ಟಿ ಎಂಬ ಹೆಸರು ಬಂದದ್ದರಲ್ಲಿ ಕೆಂಪು ಕೊಡುವ ಬೇರಿಗೆಷ್ಟು ಪಾಲೋ ಈ ಪೂರ್ವತಯಾರಿಗೂ ಅಷ್ಟೇ ಪಾಲಿದೆ.

ಅದು ಹಳೆಯ ಕಾಲದ ಮಾತು, 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳಿಗೆ ಅಳಲೆಯೂ ಬೇಡ, ಪಟಿಕವೂ ಬೇಡ ಎಂಬ ಆಕ್ಷೇಪ ಬರುತ್ತದೆ. ಅದು ನಿಜವೇ. ಸೋಡಾದ ಕ್ಷಾರದಲ್ಲಿ ಈ ಬಣ್ಣಗಳು ಹತ್ತಿಯ ಸೆಲ್ಯುಲೋಸ್‌ನೊಂದಿಗೆ ನೇರವಾಗಿ ಬೆಸೆದುಕೊಳ್ಳುತ್ತವೆ. ಆದರೆ ಬೆಸೆಯಲು ಎಳೆ ಸಿಗಬೇಕಲ್ಲ? ಗಂಜಿ ಉಳಿದಿದ್ದರೆ ಬಣ್ಣ ಗಂಜಿಯನ್ನೇ ಹಿಡಿಯುತ್ತದೆ, ಗಂಜಿ ಹೋದಾಗ ಅದರೊಟ್ಟಿಗೆ ತಾನೂ ಹೋಗುತ್ತದೆ. ಬಣ್ಣಕ್ಕೆಂದೇ ಸಿದ್ಧಪಡಿಸಿದ ಬಟ್ಟೆ ಈಗ ಸಿಗುತ್ತದಲ್ಲ ಎಂದರೆ, ಅದು ಕುದಿಸುವ ಶ್ರಮವನ್ನು ಬಹುಪಾಲು ಉಳಿಸುತ್ತದೆ ಎಂದು ಒಪ್ಪೋಣ; ಆದರೂ ಅದು ಕುಗ್ಗುವುದಿಲ್ಲವೆಂದು ಹೇಳುವಂತಿಲ್ಲ.

ಕುಗ್ಗುವಿಕೆಯ ಮಾತು ಬಂದಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಯಾವ ಬಟ್ಟೆಗೆ ಬಣ್ಣ ಚೆನ್ನಾಗಿ ಹತ್ತುತ್ತದೆ ಎಂಬುದು ಸೀರೆಗೆ, ಅಂಗಿಗೆ ಸಾಕಾಗುವ ಪ್ರಶ್ನೆ. ಕ್ವಿಲ್ಟಿನಲ್ಲಿ ಹತ್ತಾರು ತುಂಡುಗಳು ಒಂದೇ ಹೊಲಿಗೆಯಲ್ಲಿ ಒಟ್ಟಿಗೆ ಬಾಳಬೇಕು. ಒಂದು ತುಂಡು ನೂರಕ್ಕೆ ಐದರಷ್ಟು ಕುಗ್ಗಿ ಪಕ್ಕದ್ದು ಹಾಗೇ ಉಳಿದರೆ ಇಡೀ ಹಾಸು ಸೊಟ್ಟಗಾಗುತ್ತದೆ. ಒಂದು ಕೆಂಪು ತುಂಡು ಬಣ್ಣ ಬಿಟ್ಟರೆ ಬಿಳಿಯ ತುಂಡುಗಳೆಲ್ಲ ಕೆಡುತ್ತವೆ. ನೇಯ್ಗೆ ತೀರ ಒತ್ತಾಗಿದ್ದರೆ ಕೈಸೂಜಿ ಇಳಿಯದು, ತೀರ ಸಡಿಲವಾಗಿದ್ದರೆ ಒಳಗಿನ ಹತ್ತಿ ಹೊರಗೆ ಇಣುಕುತ್ತದೆ. ಹೀಗಾಗಿ ಕೇಳಬೇಕಾದದ್ದು, ಹೊಲಿದ ಮೇಲಿನ ಒಗೆತಗಳನ್ನು ಈ ತುಂಡುಗಳು ಒಟ್ಟಿಗೆ ತಾಳುತ್ತವೆಯೇ ಎಂದು. ಉತ್ತರ ಕರ್ನಾಟಕದ ಕೌದಿಗಳೂ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳೂ ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿವೆ. ಹಳೆಯ ಸೀರೆ, ಧೋತರ ಬಳಸುವುದಕ್ಕೆ ಬಡತನವೊಂದನ್ನೇ ಕಾರಣವಾಗಿ ಹೇಳುವುದು ಅರ್ಧ ಸತ್ಯ. ವರ್ಷಗಟ್ಟಲೆ ಒಗೆಸಿಕೊಂಡ ಬಟ್ಟೆಯಲ್ಲಿ ಗಂಜಿ ಇರುವುದಿಲ್ಲ, ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ, ಸೂಜಿಗೆ ಸಲೀಸಾಗಿರುತ್ತದೆ.

ಹೊಸ ಮಸ್ಲಿನ್ ಕೊಳ್ಳುವವರು ಆ ವರ್ಷಗಳ ಕೆಲಸವನ್ನು ಒಂದೆರಡು ದಿನದಲ್ಲಿ ಮಾಡಿ ಮುಗಿಸಬೇಕಾಗುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಬಟ್ಟೆ ತನ್ನಿ, ಒಂದೇ ಥಾನಿನದು ತನ್ನಿ. ಎಲ್ಲವನ್ನೂ ಒಟ್ಟಿಗೆ ಕುದಿಸಿ, ಒಣಗಿಸಿ, ಬಣ್ಣ ಹಾಕಿದ ಮೇಲೆ ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ. ಕತ್ತರಿ ಹಿಡಿಯುವುದು ಆಮೇಲೆ.