ಹುದ್ದೆಯಲ್ಲ, ಹೊಣೆ



ದಾರಿ ತಪ್ಪಿದ ಹುಡುಗನನ್ನು ತಿದ್ದುವುದು ಯಾವುದು? ದಂಡನೆಯೇ, ಉಪದೇಶವೇ, ವಾತ್ಸಲ್ಯವೇ? 1938ರಲ್ಲಿ ತೆರೆಕಂಡ ‘ಬಾಯ್ಸ್ ಟೌನ್’ ಎಂಬ ಅಮೆರಿಕದ ಚಲನಚಿತ್ರ ಈ ಮೂರನ್ನೂ ಒರೆಗೆ ಹಚ್ಚುತ್ತದೆ.

ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಫಾದರ್ ಫ್ಲಾನಗನ್ ಅವರು 1917ರಲ್ಲಿ ನಿರ್ಗತಿಕ ಬಾಲಕರಿಗಾಗಿ ಸ್ಥಾಪಿಸಿದ ಆಶ್ರಯಧಾಮವೇ ಕಥೆಯ ಮೂಲ. ಫಾದರ್ ಪಾತ್ರಕ್ಕಾಗಿ ಸ್ಪೆನ್ಸರ್ ಟ್ರೇಸಿ ಆಸ್ಕರ್ ಪ್ರಶಸ್ತಿ ಪಡೆದರು.

ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಂದ ಚಿತ್ರ ಆರಂಭವಾಗುತ್ತದೆ. ಬಾಲ್ಯದಲ್ಲಿ ತಾನು ಹಸಿದು ಒಂಟಿಯಾಗಿದ್ದಾಗ ಈ ಸರಕಾರ ಎಲ್ಲಿತ್ತು ಎಂಬುದು ಅವನ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಾಲಕರ ಊರು ತಲೆಯೆತ್ತುತ್ತದೆ. ಅಲ್ಲಿಗೆ ಬರುವ ವೈಟಿ ಮಾರ್ಷ್ ದರೋಡೆಕೋರನೊಬ್ಬನ ತಮ್ಮ. ಬಾಯಲ್ಲಿ ಸಿಗರೇಟು, ನಡಿಗೆಯಲ್ಲಿ ಠೇಂಕಾರ. ಮಿಕಿ ರೂನಿಯ ಅಭಿನಯ ಕೆಲವೆಡೆ ಅತಿಯೆನಿಸಿದರೂ, ಆ ಠೇಂಕಾರದ ಹಿಂದಿನ ಅಂಜಿಕೆಯನ್ನು ಆತ ಮರೆಮಾಚುವುದಿಲ್ಲ.

ಫಾದರ್ ಅವರ ಮಾತು, ಸಹನೆ, ಅಕ್ಕರೆ ಯಾವುದೂ ವೈಟಿಯನ್ನು ಕದಲಿಸುವುದಿಲ್ಲ. ಹುಡುಗರೇ ತಮ್ಮ ಮೇಯರನ್ನು ಆರಿಸಿಕೊಳ್ಳುವ ಚುನಾವಣೆಗೆ ಅವನೂ ನಿಲ್ಲುತ್ತಾನೆ, ಸೋಲುತ್ತಾನೆ, ಮುನಿದು ಊರು ಬಿಟ್ಟು ಹೊರಡುತ್ತಾನೆ. ಅವನನ್ನೇ ಆರಾಧಿಸುತ್ತಿದ್ದ ಪೀವೀ ಎಂಬ ಪುಟ್ಟ ಹುಡುಗ ಬೆನ್ನಟ್ಟಿ ಬಂದು ಕಾರಿಗೆ ಸಿಕ್ಕಿ ಗಾಯಗೊಳ್ಳುತ್ತಾನೆ. ವೈಟಿ ಒಳಗಿನಿಂದ ಮುರಿಯುವುದು ಆಗಲೇ. ನನ್ನ ದೃಷ್ಟಿಯಲ್ಲಿ ಚಿತ್ರದ ಹೃದಯ ಅಲ್ಲಿದೆ. ಮುಂದಿನ ಬ್ಯಾಂಕ್ ದರೋಡೆ, ಹುಡುಗರ ದಂಡು ಕಳ್ಳರನ್ನು ಹಿಡಿಯುವ ಸಾಹಸ, ಕೊನೆಗೆ ವೈಟಿಗೆ ಮೇಯರ್ ಪಟ್ಟ, ಇವೆಲ್ಲ ಪ್ರೇಕ್ಷಕರ ಚಪ್ಪಾಳೆಗಾಗಿ ಹೆಣೆದ ಘಟನೆಗಳು.

ತರಗತಿಯ ತುಂಟನನ್ನೇ ಲೀಡರ್ ಮಾಡುವ ಉಪಾಯ ನಮ್ಮ ಶಾಲೆಗಳಲ್ಲಿ ಹಳೆಯದು. ಅದು ಒಮ್ಮೊಮ್ಮೆ ಫಲಿಸುತ್ತದೆ, ಒಮ್ಮೊಮ್ಮೆ ತುಂಟನ ಕೈಗೆ ಬೆತ್ತ ಕೊಟ್ಟಂತಾಗುತ್ತದೆ. ಈ ವ್ಯತ್ಯಾಸದ ಕಾರಣವನ್ನು ಚಿತ್ರ ತೋರಿಸಿಕೊಡುತ್ತದೆ. ವೈಟಿ ಮೊದಲು ಬಯಸಿದ್ದು ಅಧಿಕಾರವನ್ನು. ಅವನನ್ನು ತಿದ್ದಿದ್ದು, ತನ್ನನ್ನು ನಂಬಿದ ಒಂದು ಎಳೆಯ ಜೀವ ತನ್ನಿಂದಾಗಿ ನೊಂದಿತೆಂಬ ಅರಿವು. ನಮ್ಮನ್ನು ಪ್ರೀತಿಸುವವರಿದ್ದಾರೆ ಎಂಬ ತಿಳಿವಳಿಕೆಗಿಂತ, ನಮ್ಮನ್ನು ನೆಚ್ಚಿಕೊಂಡವರಿದ್ದಾರೆ ಎಂಬ ತಿಳಿವಳಿಕೆಗೆ ಬಲ ಹೆಚ್ಚು.

ಆದರೆ ಈ ಪಾಠಕ್ಕೆ ಪೀವೀ ರಕ್ತ ಸುರಿಸಬೇಕಾಗಿರಲಿಲ್ಲ. ಅಪಘಾತದವರೆಗೆ ಕಾಯದೆ, ಮೊದಲೇ ಒಂದು ಮಗುವಿನ ಆರೈಕೆಯನ್ನು ಇಂಥ ಹುಡುಗನಿಗೆ ಒಪ್ಪಿಸಿ, ದೂರದಿಂದ ಕಣ್ಣಿಟ್ಟಿರುವುದು ಹಿರಿಯರ ಕೆಲಸ. ನಿಮ್ಮಲ್ಲಿ ಅನೇಕರು ಈಗ ಅಧ್ಯಾಪಕರು, ತಂದೆತಾಯಂದಿರು. ಒರಟು ಹುಡುಗನೊಬ್ಬ ಎದುರಾದಾಗ, ಅವನಿಗೆ ಏನು ಬುದ್ಧಿ ಹೇಳಲಿ ಎಂದು ಯೋಚಿಸುವ ಮೊದಲು, ಯಾರನ್ನು ಅವನ ಕೈಗೆ ಒಪ್ಪಿಸಲಿ ಎಂದು ಯೋಚಿಸಿರಿ.