ರದ್ದಿಗೆ ಹಾಕುವ ಮುನ್ನ: ‘ಹಳದಿ’ ಹಣೆಪಟ್ಟಿ ಮತ್ತು ಲಂಕೇಶ್ ಪತ್ರಿಕೆ

ಅಂಬಲಮುಗಳ್: ರಿಫೈನರಿ, ರಸಗೊಬ್ಬರ ಕಾರ್ಖಾನೆಗಳ ಈ ಊರಿನಲ್ಲಾಗಲಿ, ಕೊಚ್ಚಿ-ತಿರುವನಂತಪುರಗಳಲ್ಲಾಗಲಿ ನೆಲೆಸಿದ ಕನ್ನಡಿಗರಿಗೆ ‘ಮಞ್ಞಪತ್ರಂ’ ಎಂಬ ಮಲಯಾಳ ಮಾತು ಹೊಸತಲ್ಲ. ಕನ್ನಡದಲ್ಲಿ ಹಳದಿ ಪತ್ರಿಕೆ ಎನ್ನುವುದೂ ಅದನ್ನೇ. ಟ್ಯಾಬ್ಲಾಯ್ಡ್ ಆಕಾರದಲ್ಲಿ ಬಂದುದನ್ನೆಲ್ಲ ಈ ಒಂದೇ ಮಾತಿನಿಂದ ತಳ್ಳಿಹಾಕುವುದು ರೂಢಿ. ಹಾಗೆ ತಳ್ಳುವವರೇ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುತ್ತಾರೆ ಎಂಬುದು ಬೇರೆ ಮಾತು!

ಆದರೆ ಪಿ. ಲಂಕೇಶ್ ಅವರ ಪತ್ರಿಕೆಯನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ. ಇಂಗ್ಲಿಷ್ ಅಧ್ಯಾಪಕ ವೃತ್ತಿ ಬಿಟ್ಟು ಬಂದ ಲಂಕೇಶ್ 1980ರಲ್ಲಿ ಆರಂಭಿಸಿದ ಈ ವಾರಪತ್ರಿಕೆ ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗನ ಚಿಲ್ಲರೆ ಕಾಸಿನಿಂದಲೇ ನಡೆದ ಕಾರಣ ಯಾವ ಧಣಿಯ ಹಂಗೂ ಇರಲಿಲ್ಲ. ಅಂದಿನ ಮುಖ್ಯಮಂತ್ರಿ ಗುಂಡೂರಾವ್ ‘ಗುಂ’ ಆದರು. 1983ರ ಚುನಾವಣೆಯಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು. ಅದು ಪತ್ರಿಕೆಯೊಂದರಿಂದಲೇ ಆದದ್ದಲ್ಲ, ಆದರೂ ಪತ್ರಿಕೆಯ ಪಾಲು ಸಣ್ಣದಲ್ಲ.

ಕೇರಳದ ಕನ್ನಡಿಗರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇದೇ ಪತ್ರಿಕೆಯಲ್ಲಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅದರ ವರದಿಗಾರ್ತಿಯಾಗಿದ್ದವರು. ಬೇರೆಡೆ ಬಾಗಿಲು ಅಷ್ಟು ಸಲೀಸಾಗಿ ತೆರೆಯದ ಕಾಲದಲ್ಲಿ ಮುಸ್ಲಿಂ ಮಹಿಳೆಯರ ಬರಹಕ್ಕೆ ಜಾಗ ಕೊಟ್ಟದ್ದು ‘ಹಳದಿ’ ಎನಿಸಿಕೊಂಡ ಹಾಳೆಗಳೇ.

ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ಅಡ್ಡಹೆಸರಿನ ಗೇಲಿ ಒಮ್ಮೊಮ್ಮೆ ವ್ಯಕ್ತಿಯ ಖಾಸಗಿ ಬದುಕಿಗೂ ನುಗ್ಗಿತು. ಆ ದಾರಿಯಲ್ಲಿ ಬಂದ ಹಲವರು ಲಂಕೇಶರ ಬೈಗುಳ ಕಲಿತರು, ಓದು ಕಲಿಯಲಿಲ್ಲ. 1995ರಲ್ಲಿ ಹುಟ್ಟಿದ ರವಿ ಬೆಳಗೆರೆ ಅವರ ‘ಹಾಯ್ ಬೆಂಗಳೂರ್’ ಅಪರಾಧ ಲೋಕದ ಸುದ್ದಿಗೇ ಹೆಚ್ಚು ಒತ್ತು ಕೊಟ್ಟಿತು. ಆದರೂ 2017ರಲ್ಲಿ ಹಕ್ಕುಚ್ಯುತಿಯ ಹೆಸರಿನಲ್ಲಿ ಕರ್ನಾಟಕ ವಿಧಾನಸಭೆ ಅವರಿಗೂ ಮತ್ತೊಬ್ಬ ಸಂಪಾದಕರಿಗೂ ಒಂದು ವರ್ಷದ ಜೈಲು ವಿಧಿಸಿದ್ದು ಸರಿಯಲ್ಲ. ದೂರು ಕೊಟ್ಟವರೂ ಶಾಸಕರೇ, ತೀರ್ಪು ಕೊಟ್ಟವರೂ ಶಾಸಕರೇ ಆದರೆ ಅದು ಯಾವ ನ್ಯಾಯ?

ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡ ಬಳಿಕ ಮಗಳು ಗೌರಿ ಸಂಪಾದಕಿಯಾದರು. ನಕ್ಸಲ್ ದಾಳಿಯ ವರದಿಯೊಂದರ ವಿಷಯದಲ್ಲಿ ತಮ್ಮ ಇಂದ್ರಜಿತ್ ಜತೆ ಜಗಳವಾಗಿ, ಪರಸ್ಪರ ಪೊಲೀಸ್ ದೂರಿನವರೆಗೂ ಹೋಗಿ, 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ ಬೇರೆಯಾಯಿತು. 2008ರ ವರದಿಯೊಂದಕ್ಕಾಗಿ ಬಿಜೆಪಿ ನಾಯಕರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ಸಿಕ್ಕಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಮೊಕದ್ದಮೆ ಎದುರಿಸಲು ವಕೀಲರಿರುತ್ತಾರೆ, ಗುಂಡಿಗೆ ಯಾವ ಮೇಲ್ಮನವಿ?

ತಿರುವನಂತಪುರದವರಿಗೆ ‘ಸ್ವದೇಶಾಭಿಮಾನಿ’ ರಾಮಕೃಷ್ಣ ಪಿಳ್ಳೆ ಅವರ ಕಥೆ ಗೊತ್ತಿದೆ. ದಿವಾನರನ್ನು ಟೀಕಿಸಿದ ತಪ್ಪಿಗೆ 1910ರಲ್ಲಿ ಅವರನ್ನು ತಿರುವಾಂಕೂರಿನಿಂದ ಗಡಿಪಾರು ಮಾಡಿ ಮುದ್ರಣಾಲಯ ಜಪ್ತಿ ಮಾಡಲಾಯಿತು. ಮಲಯಾಳಿಗರು ಅವರನ್ನು ಇಂದಿಗೂ ನೆನೆಯುತ್ತಾರೆ. ಕನ್ನಡ ಸಂಘಗಳ ವಾಚನಾಲಯಗಳಲ್ಲಿ ಕಾದಂಬರಿಗಳಿಗೆ ಕಪಾಟಿದೆ, ವಾರಪತ್ರಿಕೆಗಳಿಗೆ ಇಲ್ಲ. ಯಾರ ಮನೆಯ ಅಟ್ಟದ ಮೇಲಾದರೂ ಲಂಕೇಶ್ ಪತ್ರಿಕೆಯ ಹಳೆಯ ಕಟ್ಟು ಉಳಿದಿದ್ದರೆ, ತೂಕಕ್ಕೆ ಹಾಕುವ ಮೊದಲು ಸಂಘದ ಕಾರ್ಯದರ್ಶಿಗಳಿಗೆ ಒಂದು ಮಾತು ತಿಳಿಸುವುದು ಒಳಿತು.